ಮಲಗುವವರ ಒಪ್ಪಿಗೆ



ನಮ್ಮ ಕಡೆ ದತ್ತಿ ಉಪನ್ಯಾಸವೆಂದರೆ ಶರಣರ ಬಗ್ಗೆಯೋ ಸೂಫಿಗಳ ಬಗ್ಗೆಯೋ ಮಾತಾಡುವುದು ರೂಢಿ. ಇವತ್ತು ನಾನು ನಿದ್ದೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಬೆಂಗಳೂರಿನ ಇಂದಿರಾನಗರದ ನಿವಾಸಿಗಳು ತಮ್ಮ ಮನೆಗಳ ನಡುವೆ ನಡುರಾತ್ರಿಯವರೆಗೆ ನಡೆಯುವ ಪಬ್ಬು, ಬಾರುಗಳ ವಿರುದ್ಧ ದಶಕಕ್ಕೂ ಮೇಲ್ಪಟ್ಟು ನಡೆಸಿಕೊಂಡು ಬಂದ ತಕರಾರು ಒಂದು ಕಡೆ. ನಮ್ಮ ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ, ಆಳಂದದ ಹಳ್ಳಿಗಳಲ್ಲಿ ಓಣಿಯೊಳಗಿನ ಸೆರೆ ಮಾರಾಟದ ವಿರುದ್ಧ ನಮ್ಮ ಹೆಣ್ಣುಮಕ್ಕಳು ಎತ್ತುವ ದನಿ ಇನ್ನೊಂದು ಕಡೆ. ಇವೆರಡೂ ಒಂದೇ ತಕರಾರು ಎಂಬುದು ನನ್ನ ಮಾತು. ಒಂದಕ್ಕೆ ವಕೀಲರು ಸಿಕ್ಕರು, ಪತ್ರಿಕೆಯ ಮುಖಪುಟ ಸಿಕ್ಕಿತು. ಇನ್ನೊಂದಕ್ಕೆ ಕಾಲ್ನಡಿಗೆಯೊಂದೇ ಉಳಿಯಿತು.

ರಾತ್ರಿ ವ್ಯಾಪಾರ ನಾವು ಕೂತಿರುವ ಈ ಘತ್ತರಗಿಗೆ ಹೊಸದೇನೂ ಅಲ್ಲ. ಅಮಾವಾಸ್ಯೆ ಬಂತೆಂದರೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಭೀಮೆಯ ಎರಡೂ ದಂಡೆಯಿಂದ, ಅತ್ತ ಮಹಾರಾಷ್ಟ್ರದ ಕಡೆಯಿಂದಲೂ ಕ್ರೂಸರು, ಟಂಟಂ ತುಂಬಿಕೊಂಡು ಮಂದಿ ಬರುತ್ತಾರೆ. ಕಾಯಿ, ಕುಂಕುಮ, ಬಳೆ, ಚಹಾ, ಚುರುಮುರಿ ಎಲ್ಲಕ್ಕೂ ಗಿರಾಕಿ. ಆ ಗದ್ದಲವನ್ನು ಊರು ಸಹಿಸುತ್ತದೆ. ಸಹಿಸುವುದೇನು ಬಂತು, ಎದುರು ನೋಡುತ್ತದೆ. ಯಾವ ರಾತ್ರಿ ಎಚ್ಚರ ಇರಬೇಕೆಂದು ಮನೆಮನೆಗೂ ಮೊದಲೇ ಗೊತ್ತಿರುತ್ತದೆ. ಬಂದ ದುಡ್ಡಿನಲ್ಲಿ ಊರಿನವರಿಗೂ ಪಾಲಿರುತ್ತದೆ. ಮರುರಾತ್ರಿ ಊರು ಕಣ್ತುಂಬ ಮಲಗುತ್ತದೆ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಇದೇ ಊರಿನ ಮಂದಿ ಪಂಚಾಯತಿಯ ಬಾಗಿಲು ಬಡಿಯುತ್ತಾರೆ. ತಡರಾತ್ರಿಯ ವ್ಯಾಪಾರಕ್ಕೆ ಎದುರು ನಿಂತವರನ್ನೆಲ್ಲ ಮಡಿವಂತರು, ಹಳೆಗಾಲದವರು, ಪ್ರಗತಿಯ ವಿರೋಧಿಗಳು ಎಂದು ಕರೆಯುವವರಿಗೆ ಈ ಊರನ್ನು ತೋರಿಸಬೇಕು ಅನಿಸುತ್ತದೆ ನನಗೆ.

ಇಂದಿರಾನಗರಕ್ಕೆ ಬರುತ್ತೇನೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿವೇಶನ ಹಂಚಿ ಬೆಳೆಸಿದ ವಸತಿ ಬಡಾವಣೆ ಅದು. ಪಕ್ಕದಲ್ಲಿ ಎಚ್‌ಎಎಲ್, ಡಿಫೆನ್ಸ್ ಕಾಲೊನಿ. ಸೈನ್ಯದಿಂದ, ಸರ್ಕಾರಿ ಕಾರ್ಖಾನೆಗಳಿಂದ ನಿವೃತ್ತರಾದ ಎಷ್ಟೋ ಮಂದಿ ಪಿಂಚಣಿ, ಉಳಿತಾಯ ಸುರಿದು ಕಟ್ಟಿಕೊಂಡ ಮನೆಗಳು. ನೂರಡಿ ರಸ್ತೆ, ಹನ್ನೆರಡನೇ ಮೇನ್, ಸಿಎಂಎಚ್ ರಸ್ತೆ ಎಂದರೆ ಮೊದಲು ಮರದ ನೆರಳು, ಬೆಳಗಿನ ವಾಕಿಂಗು. ಸಾಫ್ಟ್‌ವೇರ್ ಹಣ ಬಂತು. 2007ರಲ್ಲಿ ಒಪ್ಪಿಗೆ ಪಡೆದ ನಗರದ ಮಾಸ್ಟರ್ ಪ್ಲಾನು ಮನೆಗಳ ನಡುವೆ ಅಂಗಡಿ, ಕಚೇರಿಗಳಿಗೆ ಬಾಗಿಲು ಅಗಲಿಸಿತು. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊದ ಮೊದಲ ರೈಲು ಬೈಯಪ್ಪನಹಳ್ಳಿಯಿಂದ ಎಂಜಿ ರಸ್ತೆಗೆ ಓಡಿದ್ದು ಇದೇ ಇಂದಿರಾನಗರದ ನೆತ್ತಿಯ ಮೇಲೆ. ನೋಡನೋಡುತ್ತಲೇ ಮನೆಗಳು ರೆಸ್ಟೊರೆಂಟುಗಳಾದವು, ತಾರಸಿಗಳು ಬಾರುಗಳಾದವು. 2016ರಲ್ಲಿ ಬೆಂಗಳೂರಿನಲ್ಲಿ ವಾರದ ಎಲ್ಲ ದಿನವೂ ರಾತ್ರಿ 1 ಗಂಟೆಯವರೆಗೆ ಬಾರು ತೆರೆದಿಡಲು ಅನುಮತಿ ಸಿಕ್ಕಿತು.

ಒಂದು ಗಂಟೆಗೆ ಬಾಗಿಲು ಹಾಕಿದರೆ ಗದ್ದಲ ಒಂದು ಗಂಟೆಗೆ ಮುಗಿಯುವುದಿಲ್ಲ. ಗಿರಾಕಿಗಳು ಹೊರಬಂದು ಕ್ಯಾಬಿಗಾಗಿ ಕಾಯುತ್ತ ಯಾರದೋ ಗೇಟಿನ ಮುಂದೆ ನಿಲ್ಲುತ್ತಾರೆ. ಕಾರಿನ ಬಾಗಿಲುಗಳು ಬಡಿಯುತ್ತವೆ. ಒಳಗೆ ಕುರ್ಚಿ ಎಳೆಯುವ, ಬಾಟಲಿ ಡಬ್ಬಿಗೆ ಸುರಿಯುವ, ಪಾತ್ರೆ ತೊಳೆಯುವ ಸದ್ದು. ಆಮೇಲೆ ಕಸದ ಗಾಡಿ. ನಾಲ್ಕಕ್ಕೆ ಹಾಲಿನವನು. ಈ ನಡುವೆ ಪೊಲೀಸರಿಗೆ ಫೋನು ಮಾಡಿದರೆ ಹೊಯ್ಸಳ ಗಸ್ತು ವಾಹನ ಬರುತ್ತದೆ, ಸದ್ದು ತಗ್ಗುತ್ತದೆ; ವಾಹನ ತಿರುವು ದಾಟಿದ ಮೇಲೆ ಮತ್ತೆ ಏರುತ್ತದೆ. ಮರುದಿನ ದೂರಿಗೆ ಸಾಕ್ಷಿ ಕೇಳುತ್ತಾರೆ. ನಿದ್ದೆ ಕೆಟ್ಟದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಕಾನೂನು ಇಲ್ಲವೆಂದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತನ್ನು ರಾತ್ರಿ ಎಂದು ಗುರುತಿಸಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಖಾಸಗಿ ಜಾಗದವರ ಸದ್ದು ಅವರ ಬೇಲಿಯ ಗೆರೆಯಲ್ಲಿ ಆ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಮೀರಬಾರದು. 2005ರ ಜುಲೈ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ಅದರಲ್ಲಿ ಗದ್ದಲದಿಂದ ಮುಕ್ತಿಯೂ ಸೇರಿದೆ ಎಂದು ನಿಚ್ಚಳವಾಗಿ ಹೇಳಿತು.

ಆದರೆ ಅಳೆಯುವ ಯಂತ್ರದಲ್ಲೇ ಒಂದು ತೊಡಕಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ನಿಯಮಗಳು ಬಳಸುವ ಡೆಸಿಬಲ್ಲು ‘ಎ’ ತೂಕದ್ದು. ಮನುಷ್ಯನ ಕಿವಿ ಕಡಿಮೆ ಸ್ಥಾಯಿಯ ಸದ್ದನ್ನು ಮಂದವಾಗಿ ಕೇಳುತ್ತದೆಂಬ ಲೆಕ್ಕದಲ್ಲಿ, 50 ಹರ್ಟ್ಸ್ ಆಸುಪಾಸಿನ ಸದ್ದಿಗೆ ಮೀಟರು ಸುಮಾರು 30 ಡೆಸಿಬಲ್ ಕಳೆದು ತೋರಿಸುತ್ತದೆ. ಪಬ್ಬಿನ, ಡಿಜೆಯ ‘ಬಾಸ್’ ಇರುವುದು ಅಲ್ಲಿಯೇ. ಹಾಡಿನ ಮಾತು, ರಾಗ ಗೋಡೆಗೆ ಬಡಿದು ನಿಂತುಬಿಡುತ್ತವೆ. ಆ ಗುದ್ದು ಮಾತ್ರ ಇಟ್ಟಿಗೆ ದಾಟಿ, ನೆಲದೊಳಗಿಂದ ಬಂದು ಅಲಮಾರಿಯ ಗಾಜನ್ನು ನಡುಗಿಸುತ್ತದೆ, ಹಾಸಿಗೆಯ ಮೇಲಿನ ಎದೆಯನ್ನು ತಟ್ಟುತ್ತದೆ. ಅಧಿಕಾರಿ ಮೀಟರು ಹಿಡಿದು ಬಂದರೆ ಅಂಕಿ ಮಿತಿಯೊಳಗೇ ಇರಬಹುದು. ಮನೆಯೊಳಗಿನ ಅಜ್ಜಿ ಮಾತ್ರ ಎಚ್ಚರವಾಗಿಯೇ ಇರುತ್ತಾಳೆ. ಇಂದಿರಾನಗರದವರು ವರ್ಷಗಟ್ಟಲೆ ಹೇಳಿದ್ದು ಇದನ್ನೇ: ಕೇಳಿಸುವುದಕ್ಕಿಂತ ಹೆಚ್ಚಾಗಿ ಮೈಗೆ ತಾಗುತ್ತದೆ ಎಂದು. ಅವರನ್ನು ಅತಿಸೂಕ್ಷ್ಮದವರೆಂದು ತಳ್ಳಿಹಾಕುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿ ಮನೆಯ ಹೊರಗೆ ರಾತ್ರಿಯ ಸದ್ದು ಸರಾಸರಿ 40 ಡೆಸಿಬಲ್ ದಾಟಬಾರದೆಂದಿತು. ನಮ್ಮ ಮಿತಿ ಅದಕ್ಕಿಂತ ಸಡಿಲ; ಆ ಸಡಿಲ ಮಿತಿಯೂ ನಮ್ಮ ಪೇಟೆಗಳಲ್ಲಿ ಕಾಗದದ ಮೇಲಷ್ಟೇ ಇದೆ.

ಮತ್ತೆ, ಈ ಲೆಕ್ಕವೆಲ್ಲ ಗೋಡೆ, ಕಿಟಕಿ ಇರುವ ಮನೆಯೊಳಗೆ ಮಲಗುವವರದು. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ. ಹಗಲೆಲ್ಲ ಕುಡಿದ ಬಿಸಿಯನ್ನು ಶಹಾಬಾದ ಕಲ್ಲು ರಾತ್ರಿಯೆಲ್ಲ ಉಗುಳುತ್ತದೆ. ಒಳಗೆ ಮಲಗಲಿಕ್ಕಾಗದೆ ಕೌದಿ, ಚಾಪೆ, ನೀರಿನ ಚರಿಗೆ ಹಿಡಿದು ಮಾಳಿಗೆ ಹತ್ತುತ್ತೇವೆ. ಮಾಳಿಗೆಗೆ ಗೋಡೆಯಿಲ್ಲ, ಮುಚ್ಚಲು ಕಿಟಕಿಯಿಲ್ಲ. ಕಲಬುರಗಿಯ ಒಂದು ಬಾರಿನ ಸದ್ದು, ಅಫಜಲಪುರದ ಒಂದು ಮದುವೆಯ ಡಿಜೆ, ಹೆದ್ದಾರಿಯ ದಾಬಾದ ಸ್ಪೀಕರು ಸುತ್ತಲಿನ ಎಷ್ಟು ಮಾಳಿಗೆಗಳನ್ನು ಎಬ್ಬಿಸುತ್ತದೆಂದು ಅಳೆದವರಿಲ್ಲ. 2024ರ ಫೆಬ್ರುವರಿ 16ರಂದು ಮಂಡಿಸಿದ ರಾಜ್ಯ ಬಜೆಟ್ಟಿನಲ್ಲಿ, ಬೆಂಗಳೂರಿನ ಜತೆಗೆ ಇತರ ಮಹಾನಗರ ಪಾಲಿಕೆಗಳಲ್ಲೂ ವ್ಯಾಪಾರದ ಹೊತ್ತನ್ನು ರಾತ್ರಿ 1 ಗಂಟೆಯವರೆಗೆ ವಿಸ್ತರಿಸುವ ಘೋಷಣೆ ಬಂತು. ಅದೇ ಬಜೆಟ್ಟಿನಲ್ಲಿ ಅಬಕಾರಿಯಿಂದ 38,525 ಕೋಟಿ ರೂಪಾಯಿ ಬರಬೇಕೆಂಬ ಗುರಿಯೂ ಇತ್ತು. ಎರಡನ್ನೂ ಒಟ್ಟಿಗೆ ಓದಬೇಕು. ಪರವಾನಗಿ ಕೊಡುವ ಕೈಯೇ ವರಮಾನಕ್ಕೆ ಕಾಯುವ ಕೈಯಾದಾಗ, ಮಾಳಿಗೆಯ ಮೇಲೆ ಮಲಗಿದವರ ಪರವಾಗಿ ಆ ಕಚೇರಿಯಲ್ಲಿ ಮಾತಾಡುವವರು ಯಾರೂ ಉಳಿಯುವುದಿಲ್ಲ.

ಇಂದಿರಾನಗರದ ತಕರಾರಿನ ಇನ್ನೊಂದು ಮುಖವನ್ನೂ ಹೇಳದೆ ಇರಲಾರೆ. ನಿವಾಸಿಗಳು ಕೋರ್ಟಿಗೆ ಹೋದರು. ಬಡಾವಣೆಯ ಒಳರಸ್ತೆಗಳಲ್ಲಿ, 40 ಅಡಿಗಿಂತ ಕಿರಿದಾದ ರಸ್ತೆಗಳಲ್ಲಿ ವಾಣಿಜ್ಯ ಚಟುವಟಿಕೆಗೆ ಕಡಿವಾಣ ಬಿತ್ತು. ಇದು ನ್ಯಾಯ. ಆದರೆ ಅದೇ ಹೊತ್ತಿಗೆ ಬೇರೊಂದು ಕತ್ತರಿಯೂ ಆಡಿತು. ಬೆಂಗಳೂರು ನಗರದಲ್ಲಿ ಸಾರ್ವಜನಿಕ ಮನರಂಜನೆಗೆ ಪರವಾನಗಿ ಕಡ್ಡಾಯ ಮಾಡುವ 2005ರ ಆದೇಶವನ್ನು ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ಪರವಾನಗಿಗೆ ಕಟ್ಟಡದ ಸ್ವಾಧೀನ ಪತ್ರ ಬೇಕು. ಮನೆಗಳನ್ನು ಒಡೆದು ಕಟ್ಟಿಕೊಂಡ ಅನೇಕ ಕಟ್ಟಡಗಳಿಗೆ ಅದು ಇರಲೇ ಇಲ್ಲ. ಪೊಲೀಸರು ಬಿಗಿ ಮಾಡಿದಾಗ ಗಿಟಾರು ಹಿಡಿದವರು, ಗಜಲ್ ಹಾಡುವವರು, ತಬಲ ನುಡಿಸುವವರು ವೇದಿಕೆ ಕಳಕೊಂಡರು. ರೆಕಾರ್ಡು ಮಾಡಿದ ಹಾಡು ಎಷ್ಟೋ ಕಡೆ ಸ್ಪೀಕರಿನಲ್ಲಿ ಗುದ್ದುತ್ತಲೇ ಇತ್ತು. ಕಡಿಮೆ ಸದ್ದಿನ ಕಲಾವಿದ ಮನೆಗೆ ಹೋದ, ಹೆಚ್ಚು ಸದ್ದಿನ ಯಂತ್ರ ಉಳಿಯಿತು. ನಿವಾಸಿಗಳು ಕೇಳಿದ್ದು ಸದ್ದು ತಗ್ಗಿಸಿ ಎಂದು, ಸಿಕ್ಕಿದ್ದು ಸಂಗೀತದ ಮೇಲಿನ ನಿಷೇಧ.

ಇದಕ್ಕಿಂತ ದೊಡ್ಡ ಅಪಾಯವೂ ಇದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದರಲ್ಲ, ಆ ಗುಂಪಿನ ಮಾತಿಗೂ ನಿವಾಸಿಗಳ ಮಾತಿಗೂ ಎಲ್ಲಿಯೂ ಬೆಸುಗೆ ಬೀಳಬಾರದು. ರಾತ್ರಿ ಹತ್ತರ ಮೇಲೆ ಹುಡುಗಿ ಹೊರಗೆ ಯಾಕೆ, ಅವಳು ಏನು ಉಟ್ಟಳು, ಏನು ಕುಡಿದಳು ಎಂದು ಕೇಳುವ ಹಕ್ಕು ನೆರೆಯವರಿಗಿಲ್ಲ. ಡೆಸಿಬಲ್ಲಿನ ದೂರು ಚಾರಿತ್ರ್ಯದ ದೂರಾದ ಕ್ಷಣದಲ್ಲಿ ನಾನು ನಿವಾಸಿಗಳ ಪಕ್ಷ ಬಿಡುತ್ತೇನೆ. ಹಾಗೆಯೇ ಪಬ್ಬಿನ ಸದ್ದಿಗೆ ಒಂದು ನ್ಯಾಯ, ಜಾತ್ರೆಯ ಡಿಜೆಗೆ ಇನ್ನೊಂದು ನ್ಯಾಯ ಎನ್ನುವುದೂ ಸಲ್ಲದು. ಚೆನ್ನೈನ ಒಂದು ಬಡಾವಣೆಯ ನಿವಾಸಿಗಳ ಸಂಘ ಪ್ರಾರ್ಥನಾ ಮಂದಿರದ ಧ್ವನಿವರ್ಧಕಗಳ ವಿರುದ್ಧ ದೂರಿದಾಗ, 2000ದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ನೆರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು. ಗುಡಿ, ಮಸೀದಿ, ಚರ್ಚು, ಬಾರು, ಮದುವೆ ಮಂಟಪ ಎಲ್ಲಕ್ಕೂ ರಾತ್ರಿ ಹತ್ತು ಹತ್ತೇ. ಇದನ್ನು ಒಂದು ಶಕ್ತಿದೇವತೆಯ ಊರಿನಲ್ಲಿ ನಿಂತು ಹೇಳುವುದು ಕಷ್ಟ, ಆದರೂ ಇಲ್ಲಿಯೇ ಹೇಳಬೇಕಾದ ಮಾತು.

ಈಗ ಹಳ್ಳಿಯ ಕಡೆ ತಿರುಗೋಣ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಇರಕೂಡದೆಂದು ಆದೇಶಿಸಿತು. ಮುಂದೆ ಸಣ್ಣ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಕುಡಿದು ಓಡಿಸಿ ಸಾಯುವವರನ್ನು ಉಳಿಸುವುದು ಉದ್ದೇಶ, ಒಳ್ಳೆಯದೇ. 2017ರ ಜುಲೈಯಲ್ಲಿ ಬೆಂಗಳೂರಿನ ಎಂಜಿ ರಸ್ತೆ, ಬ್ರಿಗೇಡ್ ರಸ್ತೆಯ ಪಬ್ಬುಗಳೂ ಬಾಗಿಲು ಹಾಕಬೇಕಾಯಿತು. ಅವುಗಳಿಗಾಗಿ ಸರ್ಕಾರ ಓಡಾಡಿತು, ರಸ್ತೆಗಳ ಹೆದ್ದಾರಿ ಪಟ್ಟವನ್ನೇ ತೆಗೆಸಿತು. ಊರ ಹೊರಗಿನ ಹೆದ್ದಾರಿಯ ಅಂಗಡಿಗಳು ಮಾತ್ರ ಊರೊಳಗೆ ಬಂದವು. ದೇಶದ ನಾನಾ ಕಡೆ ಹೆಂಗಸರು ಬೀದಿಗಿಳಿದರು. ರಸ್ತೆಯ ಮೇಲಿನ ಜೀವ ಉಳಿಸಲು ಹೊರಟ ಆದೇಶ ಓಣಿಯ ನೆಮ್ಮದಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಮ್ಮ ಅಬಕಾರಿ ನಿಯಮಗಳಲ್ಲಿ ದೂರದ ಲೆಕ್ಕ ಇದೆ. ಗುಡಿ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ದೂರ ಇರಬೇಕು. ಪರಿಶಿಷ್ಟರೇ ಹೆಚ್ಚಾಗಿರುವ ಬಡಾವಣೆಯಲ್ಲಿ ಇರಬಾರದು. ಮನೆಯಿಂದ ಎಷ್ಟು ದೂರ ಎಂದು ಹುಡುಕಿದರೆ ಉತ್ತರ ಸಿಗುವುದಿಲ್ಲ. ದೇವರಿಗೆ 100 ಮೀಟರು ಕೊಟ್ಟವರು ಬಾಣಂತಿಗೆ ಒಂದು ಮೀಟರನ್ನೂ ಕೊಟ್ಟಿಲ್ಲ.

2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಹೆಣ್ಣುಮಕ್ಕಳು, ಸುಮಾರು 200 ಕಿಲೋಮೀಟರು ನಡೆದು, ಗಾಂಧಿ ಹುತಾತ್ಮರಾದ ಜನವರಿ 30ರಂದು ಬೆಂಗಳೂರು ಸೇರಿದರು. ಮದ್ಯನಿಷೇಧ ಆಂದೋಲನದ ಆ ಪಾದಯಾತ್ರೆಯಲ್ಲಿ ನಮ್ಮ ಕಡೆಯ ರಾಯಚೂರು ಜಿಲ್ಲೆಯ ಹಳ್ಳಿಯವರದೇ ದೊಡ್ಡ ದಂಡು. ಕೂಲಿ ಬಿಟ್ಟು, ಬುತ್ತಿ ಕಟ್ಟಿಕೊಂಡು, ಹರಿದ ಚಪ್ಪಲಿಯಲ್ಲಿ ಹೆದ್ದಾರಿಯ ಅಂಚಿನಲ್ಲಿ ನಡೆದರು. ದಾರಿಯಲ್ಲಿ ಅವರಲ್ಲೊಬ್ಬರು ವಾಹನ ಬಡಿದು ತೀರಿಕೊಂಡರು. ಸಂಪೂರ್ಣ ನಿಷೇಧದ ಬಗ್ಗೆ ನನಗೆ ಅನುಮಾನಗಳಿವೆ. 2007ರ ಜುಲೈ 1ರಂದು ರಾಜ್ಯ ಸಾರಾಯಿ ನಿಲ್ಲಿಸಿದ ಮೇಲೆ ಅಗ್ಗದ ವಿಸ್ಕಿಯ ಪೊಟ್ಟಣ ಕಿರಾಣಿ ಅಂಗಡಿಗೇ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆ ತಾಯಂದಿರ ಬೇಡಿಕೆಯ ಬುಡದಲ್ಲಿದ್ದ ಪ್ರಶ್ನೆ ಇಂದಿರಾನಗರದ ನಿವೃತ್ತ ಕರ್ನಲ್ ಕೇಳುವ ಪ್ರಶ್ನೆಯೇ: ನಮ್ಮ ಓಣಿಯಲ್ಲಿ ಇದನ್ನು ತೆರೆಯುವ ಮುಂಚೆ ನಮ್ಮನ್ನು ಯಾಕೆ ಕೇಳಲಿಲ್ಲ?

ಕೇಳುವ ಪದ್ಧತಿ ಬಹಳ ದೂರವೇನೂ ಇಲ್ಲ. ಗಡಿಯಾಚೆ, ಅಕ್ಕಲಕೋಟೆ, ಸೊಲ್ಲಾಪುರದ ಮಹಾರಾಷ್ಟ್ರದಲ್ಲಿದೆ. ಅಲ್ಲಿ ಒಂದು ಊರಿನ ಅಥವಾ ನಗರದ ಒಂದು ವಾರ್ಡಿನ ಶೇಕಡಾ 25ರಷ್ಟು ಮತದಾರ ಹೆಂಗಸರು ಸಹಿ ಹಾಕಿ ಅರ್ಜಿ ಕೊಟ್ಟರೆ, ಅಧಿಕಾರಿಗಳು ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡು ಚಿತ್ರ. ಒಂದರಲ್ಲಿ ಬಾಟಲಿ ನೆಟ್ಟಗೆ ನಿಂತಿದೆ, ಅದು ‘ಉಭೀ ಬಾಟಲಿ’. ಇನ್ನೊಂದರಲ್ಲಿ ಅಡ್ಡ ಮಲಗಿದೆ, ಅದು ‘ಆಡವೀ ಬಾಟಲಿ’. ಅಕ್ಷರ ಬಾರದ ಅಜ್ಜಿಯೂ ಬಾಟಲಿಯನ್ನು ಮಲಗಿಸಬಲ್ಲಳು. ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅಂಗಡಿ ಮುಚ್ಚಬೇಕು. ಇದರಲ್ಲೂ ಕೊರತೆಯಿದೆ: ಅರ್ಧ ಎಂದರೆ ಮತ ಹಾಕಿದವರ ಅರ್ಧವಲ್ಲ, ಪಟ್ಟಿಯಲ್ಲಿರುವ ಎಲ್ಲರ ಅರ್ಧ. ಕಬ್ಬು ಕಡಿಯಲು ಗುಳೆ ಹೋದವಳ ಗೈರುಹಾಜರಿ ಅಂಗಡಿಯ ಪಾಲಿಗೆ ಜಮೆಯಾಗುತ್ತದೆ. ಹಾಗಿದ್ದರೂ, ಅಲ್ಲಿ ಮಲಗುವವರು ಹೇಳುವ ಮಾತಿಗೆ ಕಾನೂನಿನ ತೂಕ ಇದೆ. ಭೀಮೆಯ ಮೇಲುದಂಡೆಯಲ್ಲಿ ಇರುವ ಹಕ್ಕು ಕೆಳದಂಡೆಯಲ್ಲಿ ಯಾಕಿಲ್ಲ?

ಹೊರದೇಶಗಳೂ ಇದರಲ್ಲಿ ಎಡವಿ ಕಲಿತಿವೆ. ಸಿಡ್ನಿ 2014ರಲ್ಲಿ ರಾತ್ರಿ ಒಂದೂವರೆಯ ಮೇಲೆ ಹೊಸ ಗಿರಾಕಿಗಳಿಗೆ ಬಾಗಿಲು ಮುಚ್ಚುವ, ಮೂರಕ್ಕೆ ಮದ್ಯ ನಿಲ್ಲಿಸುವ ಕಾನೂನು ತಂದು, ನಗರದ ರಾತ್ರಿಯೇ ಸೊರಗಿತೆಂಬ ಕೂಗಿಗೆ 2020ರಲ್ಲಿ ನಗರಕೇಂದ್ರದ ಬಹುಪಾಲಿನಲ್ಲಿ ಹಿಂತೆಗೆದುಕೊಂಡಿತು. ಇಂಗ್ಲೆಂಡಿನ ಯೋಜನಾ ನೀತಿ 2018ರಿಂದ ಬೇರೊಂದು ತತ್ವ ಹಿಡಿದಿದೆ: ಯಾರು ನಂತರ ಬಂದರೋ ಅವರೇ ಸದ್ದು ತಡೆಯುವ ಖರ್ಚು ಹೊರಬೇಕು. ಹಳೆಯ ಸಂಗೀತಶಾಲೆಯ ಪಕ್ಕ ಹೊಸ ಅಪಾರ್ಟ್‌ಮೆಂಟು ಬಂದರೆ ಅಪಾರ್ಟ್‌ಮೆಂಟಿನವರು. ಇಂದಿರಾನಗರದಲ್ಲಿ ಮನೆ ಮೊದಲು, ಬಾರು ನಂತರ. ನಮ್ಮ ಓಣಿಗಳಲ್ಲೂ ಅಷ್ಟೇ. ಹಾಗಾದರೆ ಡಬಲ್ ಬಾಗಿಲು, ಗಾಜು, ಬಾಸ್ ತಗ್ಗಿಸುವ ಉಪಕರಣಗಳ ಖರ್ಚು, ತನ್ನಿಂದ ತೊಂದರೆಯಿಲ್ಲವೆಂದು ಸಾಬೀತು ಮಾಡುವ ಹೊಣೆ ಎಲ್ಲವೂ ವ್ಯಾಪಾರಿಯದು. ರಾತ್ರಿ ಒಂದು ಗಂಟೆಗೆ ಎದ್ದು ಫೋನು ಮಾಡುವ ಹೊಣೆ ಮಲಗಿದವನದಾಗಬಾರದು.

ರಾತ್ರಿಯಲ್ಲಿ ಮಲಗುವವರಷ್ಟೇ ಅಲ್ಲ, ದುಡಿಯುವವರೂ ಇದ್ದಾರೆ, ಮತ್ತು ಅವರು ಬಹುಪಾಲು ನಮ್ಮಂಥ ಊರಿನವರು. ಕಲಬುರಗಿ, ಯಾದಗಿರಿಯ ಹುಡುಗರು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಸೆಕ್ಯುರಿಟಿಗೆ, ಹೋಟೆಲಿನ ಪಾತ್ರೆಗೆ ಹೋಗುತ್ತಾರೆ. 2018ರ ಜನವರಿ 8ರ ಬೆಳಗಿನ ಜಾವ ಬೆಂಗಳೂರಿನ ಕಲಾಸಿಪಾಳ್ಯದ ಬಾರ್ ಒಂದಕ್ಕೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಮುಂಬೈಯ ಕಮಲಾ ಮಿಲ್ಸ್ ಆವರಣದ ತಾರಸಿ ಪಬ್ಬಿನಲ್ಲಿ 14 ಜನ ಸತ್ತು ಹತ್ತು ದಿನ ಕಳೆದಿತ್ತು ಅಷ್ಟೆ. ಕಮಲಾ ಮಿಲ್ಸ್ ಸುದ್ದಿಯಿಂದ ಇಂದಿರಾನಗರ, ಕೋರಮಂಗಲದ ತಾರಸಿ ಬಾರುಗಳ ತಪಾಸಣೆ ಶುರುವಾಯಿತು. ನಿವಾಸಿಗಳು ವರ್ಷಗಟ್ಟಲೆ ಬರೆದ ಅರ್ಜಿಗಳಿಂದ ಆಗದ್ದು ಆ ವಾರ ಆಯಿತು. ಕಲಾಸಿಪಾಳ್ಯದ ಆ ಐವರೂ ಮಲಗುವವರೇ. ಮನೆಗೆ ಹೋಗಲು ಬಸ್ಸಿಲ್ಲದ, ಬಾಡಿಗೆಗೆ ದುಡ್ಡಿಲ್ಲದ ಕೆಲಸಗಾರ ಬಾರಿನ ನೆಲದಲ್ಲೇ ಚಾಪೆ ಹಾಸುವ ವ್ಯವಸ್ಥೆ ಇದು. ರಾಜ್ಯ ಸರ್ಕಾರ 2021ರ ಜನವರಿಯಲ್ಲಿ ಹತ್ತು ಮತ್ತು ಹೆಚ್ಚು ಜನ ದುಡಿಯುವ ಅಂಗಡಿಗಳಿಗೆ ದಿನವಿಡೀ ತೆರೆದಿಡಲು ಅವಕಾಶ ಕೊಟ್ಟಾಗ, ರಾತ್ರಿ ದುಡಿಯುವ ಹೆಂಗಸರ ಲಿಖಿತ ಒಪ್ಪಿಗೆ, ರಕ್ಷಣೆಯ ಷರತ್ತು ಹಾಕಿತ್ತು. ಕಾಗದದ ಮೇಲಿನ ಆ ಒಪ್ಪಿಗೆ ನೆರೆಯ ಮನೆಗೂ ಬೇಕು, ಒಳಗಿನ ಗಂಡಾಳಿಗೂ ಬೇಕು. ನೆರೆಯವರು ಮತ್ತು ಕೆಲಸಗಾರರು ಒಂದೇ ಅರ್ಜಿಗೆ ಸಹಿ ಹಾಕಿದ ದಿನ ಈ ಹೋರಾಟದ ಬಣ್ಣವೇ ಬೇರೆಯಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮಧ್ಯಪ್ರದೇಶದ ರತ್ಲಾಮದ ಒಂದು ವಾರ್ಡಿನ ನಿವಾಸಿಗಳು ಗಬ್ಬು ಚರಂಡಿಯ ವಿರುದ್ಧ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ದುಡ್ಡಿಲ್ಲ ಎಂಬ ಪುರಸಭೆಯ ನೆಪವನ್ನು 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಪ್ಪಲಿಲ್ಲ. ಆ ಕಲಮೇ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಾಗಿದೆ. ಸಾರ್ವಜನಿಕ ಉಪದ್ರವದ ದೂರನ್ನು ಸಹಾಯಕ ಆಯುಕ್ತರ ಮಟ್ಟದಲ್ಲೇ ಕೊಡಬಹುದು. ಹೈಕೋರ್ಟಿನ ಕಲಬುರಗಿ ಪೀಠದವರೆಗೂ ಹೋಗಬೇಕೆಂದಿಲ್ಲ. ಇನ್ನು ನಮ್ಮ ರಾಜ್ಯದ ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿತಾಯ. ಸನ್ನದು ನವೀಕರಣದ ಹೊತ್ತು ಅದೇ. ಅದಕ್ಕೆ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲಿ, ಗ್ರಾಮಸಭೆ ಕರೆದು ಯಾವ ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿತ್ತು, ಯಾವ ಓಣಿಗೆ ತೊಂದರೆಯಾಯಿತು ಎಂದು ತಾರೀಖು, ವೇಳೆ ಸಮೇತ ಠರಾವು ಬರೆಸಿ, ಅಬಕಾರಿ ಉಪ ಆಯುಕ್ತರಿಗೂ ಜಿಲ್ಲಾಧಿಕಾರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಬರೆಯುವವರು ಹೆಣ್ಣುಮಕ್ಕಳಾಗಿರಲಿ, ಅವರ ವಹಿಯಲ್ಲಿ ಹೊತ್ತಿನ ಲೆಕ್ಕ ತಪ್ಪುವುದಿಲ್ಲ. ಠರಾವಿನ ಮೇಲೆ ಪಿಡಿಒ ಸಹಿ, ಮೊಹರು ಬಿದ್ದಿರಲಿ, ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.